ಗೇಟಿನ ನಿಲ್ಸಾ ಮತ್ತು ಒಂದು ಹಸಿರು ಚೀಟಿ

ಕಿಸಿಮಿ ಊರಿನ ಆ ದೊಡ್ಡ ಹೋಟೆಲಿನ ಗೇಟಿನಲ್ಲಿ ನಿಲ್ಸಾ ಹದಿನಾರು ವರ್ಷ ನಿಂತಳು. ನಿಂತಳು ಅಂದರೆ ನಿಜಕ್ಕೂ ನಿಂತೇ ಇದ್ದಳು. ಗೇಟಿನ ಗೂಡಿನಲ್ಲಿ ಮೊದಲು ಒಂದು ಸ್ಟೂಲು ಇತ್ತು. ಕೂತವರ ನಗು ಕಾರಿನಲ್ಲಿ ಬರುವವರಿಗೆ ಸರಿಯಾಗಿ ಕಾಣುವುದಿಲ್ಲವೆಂದು ಯಾವನೋ ಮಹಾನುಭಾವ ವರದಿ ಬರೆದ ಮೇಲೆ ಅದನ್ನು ಎತ್ತಿಕೊಂಡು ಹೋದರು. ಅಂದಿನಿಂದ ಅವಳ ಮೊಣಕಾಲು ನೋವಿಗೂ ನಗುವಿಗೂ ಸೇರಿಸಿ ಒಂದೇ ಸಂಬಳ.

ಹೋಟೆಲಿನ ಹೆಸರು ಬೇಡ. ಫ್ಲಾರಿಡದ ಆ ರಸ್ತೆಯಲ್ಲಿ ಅಂಥವು ಬೇಕಾದಷ್ಟಿವೆ. ಒಂದರ ಮುಂದೆ ಹಡಗು, ಇನ್ನೊಂದರ ಮುಂದೆ ಕೋಟೆ. ಇದರ ಮುಂದೆ ಗಂಟೆಗೊಮ್ಮೆ ಹೊಗೆ ಉಗುಳುವ ಸಿಮೆಂಟಿನ ಜ್ವಾಲಾಮುಖಿ. ಪಕ್ಕದ ಥೀಮ್ ಪಾರ್ಕು ನೋಡಲು ಬಂದ ಸಂಸಾರಗಳು ನಾಲ್ಕೈದು ದಿನ ಇಲ್ಲಿ ತಂಗುತ್ತವೆ, ಮಕ್ಕಳು ಆ ಹೊಗೆಗೆ ಕೂಗಿ ಕುಣಿಯುತ್ತವೆ. ಜ್ವಾಲಾಮುಖಿಗೆ ಸಿಮೆಂಟು ಬಳಿದವರಲ್ಲಿ ನಿಲ್ಸಾಳ ಗಂಡ ಬೆರ್ತೊ ಕೂಡ ಒಬ್ಬ. ಗಂಡ ಹೆಂಡತಿ ಇಪ್ಪತ್ತೆರಡು ವರ್ಷದ ಹಿಂದೆ ಪೋರ್ಟೊರಿಕೊದ ಉತುವಾದೊ ಎಂಬ ಬೆಟ್ಟದೂರನ್ನು ಬಿಟ್ಟು ಬಂದವರು. ಅವನು ಗಾರೆ ಕೆಲಸಕ್ಕೆ ಸೇರಿದ, ಅವಳು ಇದೇ ಹೋಟೆಲಿನಲ್ಲಿ ಕೋಣೆಗಳ ಹಾಸಿಗೆ ಬದಲಿಸುವ ಕೆಲಸಕ್ಕೆ ಸೇರಿದಳು. ಆರು ವರ್ಷಕ್ಕೆ ಸೊಂಟ ಬಿದ್ದುಹೋಯಿತು. ಅವಳ ನಗು ಚೆನ್ನಾಗಿದೆಯೆಂದು ಗೇಟಿಗೆ ಹಾಕಿದರು.

ಆಗ ಗೇಟೆಂದರೆ ಹಬ್ಬದ ಮನೆಯ ಬಾಗಿಲು. ಹಗಲು ರಾತ್ರಿ ಕಾರು ಓಡಿಸಿಕೊಂಡು ಬಂದವರಿಗೆ ಮೊದಲು ಕಾಣುವ ಮುಖ ನಿಲ್ಸಾಳದು. ಹಿಂದಿನ ಸೀಟಿನಲ್ಲಿ ಯಾರದಾದರೂ ಹುಟ್ಟುಹಬ್ಬವೇ ಎಂದು ಕೇಳುವಳು, ಬಣ್ಣದ ಸ್ಟಿಕ್ಕರು ಕೊಡುವಳು, ಜ್ವಾಲಾಮುಖಿ ಎಷ್ಟು ಹೊತ್ತಿಗೆ ಹೊಗೆ ಬಿಡುತ್ತದೆಂದು ದೊಡ್ಡ ಗುಟ್ಟಿನಂತೆ ಹೇಳುವಳು. ಆ ಹೋಟೆಲಿನಲ್ಲಿ ಒಂದು ಪದ್ಧತಿಯಿತ್ತು. ಕೆಲಸದವರ ಎದೆಯ ಮೇಲೊಂದು ಬಿಲ್ಲೆ, ಅದರಲ್ಲಿ ಹೆಸರು, ಹೆಸರಿನ ಕೆಳಗೆ ಊರು. ಮೆಚ್ಚಿಕೊಂಡ ಅತಿಥಿ ಆ ಹೆಸರು ಹಿಡಿದು ನಾಲ್ಕು ಸಾಲು ಬರೆದರೆ ಅದನ್ನು ದಪ್ಪ ಕಾಗದದ ಮೇಲೆ ಅಚ್ಚು ಮಾಡಿಸಿ, ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ಎಲ್ಲರ ಎದುರು ಓದಿ, ಚಪ್ಪಾಳೆ ತಟ್ಟಿ, ಕೈಗೆ ಕೊಡುವರು. ಬರೆಯಿರಿ ಎಂದು ಬಾಯಿ ಬಿಟ್ಟು ಕೇಳುವ ಹಾಗಿಲ್ಲ, ಕೇಳಿದ್ದು ಗೊತ್ತಾದರೆ ಆ ಕಾಗದ ಲೆಕ್ಕಕ್ಕಿಲ್ಲ. ಆದರೆ ಬೆರಳಿನಿಂದ ಬಿಲ್ಲೆಯನ್ನು ಎರಡು ಸಲ ತಟ್ಟಿ ಸುಮ್ಮನೆ ನಿಲ್ಲಬಹುದು. ಬುದ್ಧಿ ಇದ್ದವರಿಗೆ ತಿಳಿಯುತ್ತದೆ. ನಿಲ್ಸಾಳಿಗೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಮನೆಯಲ್ಲಿ ನೀಲಿ ಬಿಸ್ಕತ್ತಿನ ಡಬ್ಬಿಯೊಳಗೆ ಸೂಜಿ ದಾರದ ಜೊತೆ ಅಂಥ ಕಾಗದಗಳನ್ನು ಒತ್ತಿ ಒತ್ತಿ ತುಂಬಿದ್ದಳು.

ಐದು ವರ್ಷದ ಹಿಂದೆ ಪಾರ್ಕಿಂಗ್ ಶುಲ್ಕ ಬಂತು. ಅಷ್ಟರವರೆಗೆ ತಂಗಿದವರ ಕಾರು ಪುಕ್ಕಟೆ ನಿಲ್ಲುತ್ತಿತ್ತು; ಈಗ ಒಂದು ರಾತ್ರಿಗೆ ಇಪ್ಪತ್ತೈದು ಡಾಲರು. ಕೋಣೆ ಗೊತ್ತುಮಾಡುವಾಗ ಎಲ್ಲೋ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಹಾಕಿರುತ್ತಿದ್ದರು, ಯಾರೂ ಓದುತ್ತಿರಲಿಲ್ಲ. ಓದದೇ ಬಂದವರಿಗೆ ಬಾಯಿಂದ ಹೇಳಿ, ಹಳದಿ ಚೀಟಿ ಕೊಟ್ಟು, ಕಾರಿನ ನಂಬರನ್ನು ಕೋಣೆಯ ಬಿಲ್ಲಿಗೆ ಹಚ್ಚುವ ಕೆಲಸ ನಿಲ್ಸಾಳದು. ನಿಯಮ ಮಾಡಿದವರು ಎಲ್ಲಿ ಕೂತಿದ್ದರೋ ದೇವರಿಗೇ ಗೊತ್ತು, ಬೈಗುಳ ಮಾತ್ರ ಗೇಟಿಗೇ ಬಂದು ಬೀಳುತ್ತಿತ್ತು.

“ಕಾರಿಗೂ ರೂಮು ಕೊಡ್ತೀರಾ? ಹಾಸಿಗೆ ಎಲ್ಲಿದೆ ತೋರಿಸಿ,” ಎಂದವನೊಬ್ಬ.

“ಇಪ್ಪತ್ತೈದು ಡಾಲರಿಗೆ ನನ್ನ ಕಾರಿಗೆ ಬೆಳಿಗ್ಗೆ ತಿಂಡಿನೂ ಸೇರಿದೆ ತಾನೆ?” ಎಂದು ಇನ್ನೊಬ್ಬ.

ಮೊದಮೊದಲು ಅವಳೂ ನಕ್ಕಳು. ದಿನಕ್ಕೆ ನಲವತ್ತು ಸಲ ಅದನ್ನೇ ಕೇಳಿದರೆ ಯಾರಿಗೆ ನಗು ಬರುತ್ತದೆ? ಒಬ್ಬ ಮಹಾಶಯನಂತೂ ಚಿಲ್ಲರೆಯನ್ನು ನೆಲಕ್ಕೆ ಚೆಲ್ಲಿ ಆರಿಸಿಕೋ ಎಂದ. ಅವಳು ಆರಿಸಲಿಲ್ಲ. ಆ ನಾಣ್ಯಗಳ ಮೇಲೆ ಇಡೀ ಮಧ್ಯಾಹ್ನ ಕಾರುಗಳು ಓಡಾಡಿದವು. ಬೆರ್ತೊ ಅದನ್ನು ಕೇಳಿ ನಗುತ್ತಾ ಕೆಮ್ಮಿ, “ನಮ್ಮೂರಲ್ಲಿ ಮನುಷ್ಯ ರಸ್ತೆ ಪಕ್ಕ ಮಲಗಿದ್ರೂ ಯಾರೂ ಕಾಸು ಕೇಳ್ತಿರಲಿಲ್ಲ ಕಣೇ. ಇಲ್ಲಿ ಕಾರು ಮಲಗೋಕೂ ಬಾಡಿಗೆ!” ಎಂದಿದ್ದ.

ಶುಲ್ಕ ಬಂದ ದಿನದಿಂದ ನಿಲ್ಸಾಳಿಗೆ ಕಾಗದ ಬರುವುದು ನಿಂತುಹೋಯಿತು. ಕೆಟ್ಟ ಸುದ್ದಿ ಹೇಳಿದವಳ ಹೆಸರನ್ನು ಮೆಚ್ಚಿ ಯಾರು ಬರೆಯುತ್ತಾರೆ? ಬರೆದರೆ ದೂರನ್ನೇ ಬರೆಯುತ್ತಾರೆ.

ಈ ನಡುವೆ ಬೆರ್ತೊನ ಶ್ವಾಸಕೋಶ ಕೆಟ್ಟಿತು. ಸಿಮೆಂಟಿನ ಧೂಳೋ ಸಿಗರೇಟೋ, ಡಾಕ್ಟರು ಯಾವುದೆಂದು ಹೇಳಲಿಲ್ಲ. ಮೂಗಿಗೆ ಕೊಳವೆ ಬಂತು, ಸೋಫಾದ ಪಕ್ಕ ದಿನವಿಡೀ ಗುಂಯ್ ಎನ್ನುವ ಆಮ್ಲಜನಕದ ಯಂತ್ರ ಬಂತು, ತಿಂಗಳಿಗೆರಡು ಸಲ ಆಸ್ಪತ್ರೆ ಬಂತು. ಇದೆಲ್ಲ ನಡೆಯುತ್ತಿದ್ದದ್ದು ನಿಲ್ಸಾಳ ಕೆಲಸದ ಜೊತೆ ಸಿಗುವ ವಿಮೆಯ ಮೇಲೆ. ಅದನ್ನು ಹೊರಗೆ ಸ್ವಂತಕ್ಕೆ ಕೊಳ್ಳುವುದಾದರೆ ಅವಳ ಪೂರ್ತಿ ಸಂಬಳ ಸಾಲದು. ಅಂಗವಿಕಲನೆಂದು ಸರ್ಕಾರಕ್ಕೆ ಎರಡು ಸಲ ಅರ್ಜಿ ಹಾಕಿದರು, ಎರಡು ಸಲವೂ ತಿರುಗಿ ಬಂತು. ಅರವತ್ತೈದು ತುಂಬಿದರೆ ಮಾತ್ರ ಸರ್ಕಾರದ ವಿಮೆ ತಾನಾಗಿ ಸಿಗುತ್ತದೆ. ಬೆರ್ತೊಗೆ ಅರವತ್ತೈದು ತುಂಬಲು ಇನ್ನು ಹನ್ನೆರಡು ತಿಂಗಳು. ಫ್ರಿಜ್ಜಿನ ಬಾಗಿಲಿಗೆ ಕ್ಯಾಲೆಂಡರು ಸಿಕ್ಕಿಸಿ ನಿಲ್ಸಾ ಒಂದೊಂದೇ ತಿಂಗಳಿಗೆ ಗೀಟು ಎಳೆಯುತ್ತಿದ್ದಳು. ಹನ್ನೆರಡು ತಿಂಗಳು ಗೇಟಿನಲ್ಲಿ ನಿಂತರೆ ಸಾಕು, ಆಮೇಲೆ ಮೊಣಕಾಲು ಕಳಚಿ ಬಿದ್ದರೂ ಚಿಂತೆಯಿಲ್ಲ ಎಂದು ಲೆಕ್ಕ ಹಾಕಿಕೊಂಡಿದ್ದಳು.

ಮೇ ತಿಂಗಳಲ್ಲಿ ಮ್ಯಾನೇಜರು ಬ್ರೆಂಟ್ ಗೇಟಿನ ಐವರನ್ನೂ ಕರೆದ. ನಲವತ್ತು ದಾಟದ ಮನುಷ್ಯ, ಕೆಟ್ಟವನೇನಲ್ಲ. ಕೆಟ್ಟ ಸುದ್ದಿ ಹೇಳುವಾಗ ಡೋನಟ್ ತರಿಸುವ ಪೈಕಿ. ಅವತ್ತೂ ತರಿಸಿದ್ದ.

“ಕಾರಿನ ನಂಬರು ಓದೋ ಕ್ಯಾಮೆರಾ ಬರ್ತಿದೆ. ಗೇಟಿನ ಕಂಬಿ ತಾನೇ ಏಳುತ್ತೆ, ಶುಲ್ಕ ತಾನೇ ಬಿಲ್ಲಿಗೆ ಹೋಗುತ್ತೆ. ಐದು ಜನ ಬೇಕಾಗಲ್ಲ, ಇಬ್ಬರು ಸಾಕು,” ಎಂದ. ಡೋನಟ್ಟಿಗೆ ಚಾಚಿದ್ದ ಕೈಗಳು ಹಿಂದಕ್ಕೆ ಹೋದವು. “ಆ ಇಬ್ಬರನ್ನ ನಾನು ಆರಿಸಲ್ಲ. ಅತಿಥಿಗಳೇ ಆರಿಸ್ತಾರೆ. ಜೂನ್ ಕೊನೆಯೊಳಗೆ ಯಾರ ಹೆಸರಿಗೆ ಹೆಚ್ಚು ಕಾಗದ ಬರುತ್ತೋ ಅವರು.”

ಹೊರಗೆ ಬಂದ ಮೇಲೆ ಟೆರೆಲ್ ಅವಳ ಪಕ್ಕದಲ್ಲೇ ನಡೆದ. ಸಂಜೆ ಪಾಳಿಯ ಈ ಆರಡಿ ಆಳು ನಿಲ್ಸಾಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಆ ಸೀಮೆಯ ಕಪ್ಪು ಜನ ಹಿರಿಯ ಹೆಂಗಸರನ್ನು ಕರೆಯುವಂತೆ ಅವಳನ್ನು ಮಿಸ್ ನಿಲ್ಸಾ ಎನ್ನುತ್ತಿದ್ದ.

“ಮಿಸ್ ನಿಲ್ಸಾ, ನಿಮ್ಮದು ಎಷ್ಟಾಗಿದೆ?”

“ಸೊನ್ನೆ. ನಿಂದು?”

“ನಾಲ್ಕು. ಉಳಿದ ಮೂವರದ್ದೂ ಸೊನ್ನೆನೇ. ನಾನೇನು ನಿಮಗಿಂತ ಚೆನ್ನಾಗಿ ನಗ್ತೀನಾ? ಸಂಜೆ ಬರೋರೆಲ್ಲ ಊಟಕ್ಕೆ ಬರೋರು, ಅವರಿಗೆ ಹಸಿರು ಚೀಟಿ, ಪುಕ್ಕಟೆ. ಹಸಿರು ಚೀಟಿಯವರೇ ಬರೆಯೋದು. ನಿಮ್ಮ ಪಾಳೀಲಿ ಬರೀ ಹಳದಿ.”

“ಹಂಗಾದ್ರೆ ನನ್ನ ಜೊತೆ ಪಾಳಿ ಬದಲಾಯಿಸ್ಕೊಳ್ಳೋ.”

ಟೆರೆಲ್ ತಲೆ ತಗ್ಗಿಸಿದ. “ಮೂರು ಮಕ್ಕಳು, ಮಿಸ್ ನಿಲ್ಸಾ,” ಎಂದ.

“ತಮಾಷೆಗೆ ಅಂದೆ ಕಣೋ, ಹೋಗು.” ತಮಾಷೆಗೆ ಅಂದಿರಲಿಲ್ಲ.

ಜೂನ್ ಇಪ್ಪತ್ತೆರಡರ ಮಧ್ಯಾಹ್ನ ಒಹಾಯೊದ ನಂಬರಿನ ಹಳೆಯ ವ್ಯಾನೊಂದು ಬಂತು. ಮುಂದೆ ಗಂಡ ಹೆಂಡತಿ, ಹಿಂದೆ ಇಬ್ಬರು ಹೆಣ್ಣುಮಕ್ಕಳು. ಇಡೀ ರಾತ್ರಿ ಸರದಿ ಮೇಲೆ ಗಾಡಿ ಓಡಿಸಿ ಬಂದಿದ್ದರು, ಕಣ್ಣು ಕೆಂಡದಂತಾಗಿದ್ದವು. ಏಸಿ ಕೆಟ್ಟು, ಒಳಗಿನಿಂದ ಬೆವರಿನ ವಾಸನೆ ಬರುತ್ತಿತ್ತು. ನಿಲ್ಸಾ ದಿನದ ಮಾತನ್ನು ದಿನದಂತೆ ಹೇಳಿದಳು.

ಹೆಂಗಸು ಬೈಯಲಿಲ್ಲ. ಬೈದಿದ್ದರೆ ನಿಲ್ಸಾ ಹಳದಿ ಚೀಟಿ ಹರಿದು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದಳು. ಆ ಹೆಂಗಸು ಗಂಡನ ಕಡೆ ತಿರುಗಿ, “ಐದು ರಾತ್ರಿ… ಹಂಗಾದ್ರೆ ಡಾಲ್ಫಿನ್ ನೋಡೋದು ಬಿಡಬೇಕಾಗುತ್ತೆ,” ಎಂದಳು. ಗಂಡ ಸ್ಟಿಯರಿಂಗನ್ನೇ ನೋಡುತ್ತಾ, “ಹೊರಗೆಲ್ಲಾದ್ರೂ ನಿಲ್ಲಿಸಿ ನಡ್ಕೊಂಡು ಬರ್ಲಾ?” ಎಂದ. ಎರಡು ಮೈಲಿಯೊಳಗೆ ಹಾಗೆ ನಿಲ್ಲಿಸುವ ಜಾಗವೇ ಇರಲಿಲ್ಲ. ಅದನ್ನೂ ನೋಡಿಯೇ ಹೋಟೆಲು ಶುಲ್ಕ ಇಟ್ಟದ್ದು. ಹಿಂದಿನಿಂದ ಚಿಕ್ಕವಳು, “ಅಮ್ಮಾ, ಡಾಲ್ಫಿನ್ ಯಾಕೆ ಬಿಡಬೇಕು?” ಎಂದಳು.

ನಿಲ್ಸಾಳಿಗೆ ಆ ಮಗುವಿನ ಮೇಲೆ ಕನಿಕರ ಬಂದದ್ದು ಸುಳ್ಳಲ್ಲ. ಆದರೆ ಬರೀ ಕನಿಕರವೆಂದು ಹೇಳಿದರೆ ಪೂರ್ತಿ ನಿಜವೂ ಆಗುವುದಿಲ್ಲ. ಕನಿಕರ ಐದು ವರ್ಷದಲ್ಲಿ ನೂರು ಸಲ ಬಂದಿತ್ತು, ನೂರು ಸಲವೂ ಹಳದಿಯನ್ನೇ ಹರಿದಿದ್ದಳು. ಅವತ್ತು ಅವಳ ತಲೆಯಲ್ಲಿದ್ದದ್ದು ಜೂನ್ ಮುಗಿಯಲು ಉಳಿದ ಎಂಟು ದಿನ. ಕೈ ತಾನಾಗಿ ಹಸಿರು ಕಟ್ಟಿನ ಕಡೆ ಹೋಯಿತು. ಕಾರಿನ ನಂಬರನ್ನು ಎಲ್ಲಿಗೂ ಹಚ್ಚಲಿಲ್ಲ.

“ಇದನ್ನ ಗಾಜಿನ ಹಿಂದೆ ಇಡಿ. ಎಡಗಡೆ ಕೊನೇ ಸಾಲಲ್ಲಿ ನಿಲ್ಲಿಸಿ. ನಿಮ್ಮದು ಆಯ್ತು, ಹೋಗಿ.”

“ಆಯ್ತು ಅಂದ್ರೆ? ಶುಲ್ಕ?”

“ನಿಮಗೆ ಇಲ್ಲ.”

ಹೆಂಗಸು ಕಾರಿನಿಂದ ಇಳಿದೇ ಬಿಟ್ಟಳು. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಿದ್ದರೂ ಲೆಕ್ಕಿಸದೆ ನಿಲ್ಸಾಳನ್ನು ತಬ್ಬಿಕೊಂಡಳು. ತನ್ನ ಹೆಸರು ರೊಂಡಾ ಎಂದೂ, ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸವೆಂದೂ, ಈ ಪ್ರವಾಸಕ್ಕೆ ಮೂರು ವರ್ಷ ಕಾಸು ಕೂಡಿಸಿದೆವೆಂದೂ ಒಂದೇ ಉಸಿರಿನಲ್ಲಿ ಹೇಳಿದಳು. “ನಿಮಗೆ ನಾನೇನು ಮಾಡ್ಲಿ ಹೇಳಿ ಮೇಡಂ?”

ನಿಲ್ಸಾ ಬಿಲ್ಲೆಯ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದಳು. ರೊಂಡಾ ಬುದ್ಧಿವಂತೆ, ತಕ್ಷಣ ತಿಳಿಯಿತು. ದೊಡ್ಡ ಮಗಳು ಫೋನಿನಲ್ಲಿ ಬಿಲ್ಲೆಯ ಫೋಟೋ ಕೂಡ ತೆಗೆದುಕೊಂಡಳು. ಬರೆಯಿರಿ ಎಂದು ಕೇಳಬಾರದೆಂಬ ನಿಯಮ ಹದಿನಾರು ವರ್ಷದಲ್ಲಿ ನಿಲ್ಸಾಳ ನಾಲಿಗೆಯಲ್ಲೇ ಕೂತಿತ್ತು. ಏನು ಬರೆಯಬಾರದು ಎಂದು ಹೇಳುವುದೂ ಅದೇ ನಿಯಮದ ಅಡಿಯಲ್ಲಿ ಸಿಕ್ಕಿಕೊಂಡಿತು.

ಮುಂದಿನ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆ ಕಾರುಗಳ ಸಾಲು ಸುತ್ತಿ, ರಾತ್ರಿ ತಂಗಿದ ಕಾರುಗಳಿಗೆ ಹಳದಿ ಚೀಟಿ ಇದೆಯೇ ಎಂದು ನೋಡುವವಳೂ ಅವಳೇ. ಒಹಾಯೊದ ವ್ಯಾನಿನ ಎದುರು ಬಂದಾಗ ಶೂಸಿನ ದಾರ ಕಟ್ಟಿಕೊಳ್ಳುವವಳಂತೆ ಬಗ್ಗಿ ಮುಂದೆ ಹೋಗುವಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸೋಪಿನ ತುಂಡನ್ನೂ ಮನೆಗೆ ತಂದವಳಲ್ಲ. ಮನೆಯಲ್ಲಿ ಬೆರ್ತೊಗೆ ಹೇಳಿದ್ದು ಇಷ್ಟೇ: “ಒಂದು ಸಂಸಾರ ಬಂದಿದೆ. ಬರೆದೇ ಬರೀತಾರೆ.”

“ಏನ್ ಮಾಡಿದ್ಯೇ ಅಂಥಾದ್ದು?”

“ನಕ್ಕೆ.”

“ನಿನ್ನ ನಗೂಗೆ ನಾನೇ ಬಿದ್ದಿದ್ದು, ಒಹಾಯೊದವರು ಯಾವ ಲೆಕ್ಕ!” ಎಂದು ಅವನು ಕೆಮ್ಮಿದ. ಒಂದು ತಿಂಗಳಿಂದ ಅವನೂ ಕಾಗದದ ದಾರಿ ಕಾಯುತ್ತಿದ್ದ. ಒಂದು ಬಂದರೆ ಇನ್ನೊಂದೂ ಬರುತ್ತದೆ ಎನ್ನುತ್ತಿದ್ದ.

ಐದನೆಯ ಬೆಳಿಗ್ಗೆ, ಏಳಕ್ಕೆ ಕಾಲು ಗಂಟೆ ಇರುವಾಗ, ಎಲ್ಲರೂ ಅಡುಗೆಮನೆಯ ಹಿಂದಿನ ಉದ್ದ ಕೋಣೆಯಲ್ಲಿ ಸೇರಿದ್ದರು. ಬ್ರೆಂಟ್ ಕೈಯಲ್ಲಿ ದಪ್ಪ ಕಾಗದ. “ಇವತ್ತು ನನಗೇ ಖುಷಿಯಾಗಿದೆ. ಬಹಳ ವರ್ಷದ ಮೇಲೆ, ನಮ್ಮ ಗೇಟಿನ ನಿಲ್ಸಾ!” ಎಂದ. ಚಪ್ಪಾಳೆ ಬಿತ್ತು. ಹಿಂದಿನ ರಾತ್ರಿ ಬೇರೊಬ್ಬನ ಪಾಳಿಯನ್ನೂ ಮಾಡಿ, ಮುಗಿದರೂ ಮನೆಗೆ ಹೋಗದೆ ನಿಂತಿದ್ದ ಟೆರೆಲ್ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ನಿಲ್ಸಾಳ ಕಣ್ಣು ತುಂಬಿತು.

ಬ್ರೆಂಟ್ ಕಾಗದವನ್ನು ಮೊದಲೇ ಓದಿಕೊಂಡಿರಲಿಲ್ಲ. ವಾರ್ತೆ ಓದುವವನ ಹಾಗೆ ಗಂಟಲು ಸರಿಮಾಡಿಕೊಂಡು ಶುರುಮಾಡಿದ. “‘ನಿಮ್ಮ ಗೇಟಿನಲ್ಲಿ ನಿಲ್ಸಾ ಎಂಬ ಒಬ್ಬ ತಾಯಿ ಇದ್ದಾರೆ. ನಾವು ಇಡೀ ರಾತ್ರಿ ಗಾಡಿ ಓಡಿಸಿ ಬಂದಾಗ ಅವರು ನಮ್ಮನ್ನು ಮನೆಯವರಂತೆ ಕಂಡರು. ಅವರ ಊರು ಉತುವಾದೊ ಎಲ್ಲಿದೆಯೆಂದು ನನ್ನ ಮಗಳು ನಕ್ಷೆಯಲ್ಲಿ ಹುಡುಕಿದ್ದಾಳೆ. ರಾತ್ರಿಗೆ ಇಪ್ಪತ್ತೈದು ಡಾಲರ್ ಶುಲ್ಕ ಕೇಳಿ ನಾನು ಅಳುವ ಹಾಗಾದಾಗ ನಿಲ್ಸಾ ನಮಗೊಂದು ಹಸಿರು ಚೀಟಿ ಕೊಟ್ಟು, ಐದು ರಾತ್ರಿಯ…’”

ಅವನ ದನಿ ನಿಧಾನವಾಯಿತು. ಕಣ್ಣು ಮುಂದಿನ ಸಾಲು ನೋಡಿಯಾಗಿತ್ತು, ನಾಲಿಗೆ ನಿಲ್ಲಲಿಲ್ಲ. “‘…ಐದು ರಾತ್ರಿಯ ಶುಲ್ಕವನ್ನೂ ಬಿಟ್ಟುಬಿಟ್ಟರು. ಆ ಹಣದಲ್ಲಿ ನಮ್ಮ ಮಕ್ಕಳು ಡಾಲ್ಫಿನ್ ನೋಡಿದರು. ಇಂಥವರನ್ನು ಎಂದೂ ಬಿಡಬೇಡಿ.’”

ಎಲ್ಲರ ಕಣ್ಣೂ ನಿಲ್ಸಾಳತ್ತ ತಿರುಗಿತು. ಹಿಂದೆ ಗೋಡೆಗೊರಗಿದ್ದ, ಪಾತ್ರೆ ತೊಳೆಯುವ ಹೈಟಿಯ ಮುದುಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಓದು ಮುಗಿಯಿತೆಂದುಕೊಂಡು ಅವನೊಬ್ಬನೇ ಗಟ್ಟಿಯಾಗಿ ಚಪ್ಪಾಳೆ ತಟ್ಟಿದ. ಪಕ್ಕದವಳು ಅವನ ಕೈ ಹಿಡಿದು ನಿಲ್ಲಿಸಿದಳು.

ಓದಿದ್ದು ಎಪ್ಪತ್ತು ಜನರೆದುರು. ಬ್ರೆಂಟ್ ಒಬ್ಬನೇ ಓದಿಕೊಂಡಿದ್ದರೆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಳ್ಳುತ್ತಿದ್ದನೋ ಏನೋ. ಅವನ ಕೋಣೆಯಲ್ಲಿ ಕೂತಾಗ ಅವನೇ ಹಾಗೆಂದ. ಬೆವರುತ್ತಿದ್ದ. ಇವತ್ತು ಡೋನಟ್ ಇರಲಿಲ್ಲ.

“ಮೇಲಿನವರಿಗೆ ಆಗಲೇ ಗೊತ್ತಾಗಿದೆ. ಅವರು ಇದನ್ನ ಕಳ್ಳತನ ಅಂತಾರೆ ನಿಲ್ಸಾ. ನಾನೇನು ಮಾಡ್ಲಿ?”

“ಏನು ಕದ್ದೆ ನಾನು? ಕಾರು ನಿಂತ ಜಾಗ ಅಲ್ಲೇ ಇದೆ, ಹೋಗಿ ನೋಡಿ. ನಾನೇನು ಮನೆಗೆ ಹೊತ್ಕೊಂಡು ಹೋಗಿಲ್ಲ.”

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

“ಹನ್ನೊಂದು ತಿಂಗಳು,” ಎಂದಳು ಅವಳು. ಬೇಡುವುದು ಅವಳಿಗೆ ರೂಢಿಯಿಲ್ಲ, ಆದರೂ ಬೇಡಿದಳು. “ಗೇಟು ಬೇಡ. ಪಾತ್ರೆ ತೊಳೀತೀನಿ. ಕಕ್ಕಸು ತೊಳೀತೀನಿ. ವಿಮೆ ಒಂದು ಇರ್ಲಿ. ಹನ್ನೊಂದೇ ತಿಂಗಳು ಸರ್. ನನ್ನ ಗಂಡನ್ನ ನೀವು ನೋಡಿದೀರಿ.”

ನೋಡಿದ್ದ. ಕ್ರಿಸ್‌ಮಸ್ಸಿಗೆ ಬೆರ್ತೊ ಬಾಳೆಯೆಲೆಯಲ್ಲಿ ಸುತ್ತಿದ ಪಾಸ್ತೆಲೆಸ್ ಎಂಬ ಕಡುಬು ಕಳಿಸಿದ್ದನ್ನು ತಿಂದೂ ಇದ್ದ. ಬ್ರೆಂಟ್ ಕಂಪ್ಯೂಟರಿನ ಕಡೆ ಮುಖ ತಿರುಗಿಸಿ, ವಿಮೆ ಈ ತಿಂಗಳ ಕೊನೆಯವರೆಗೆ ಇರುತ್ತದೆ ಎಂದ. ತಿಂಗಳಿಗೆ ಉಳಿದದ್ದು ಮೂರು ದಿನ. ಆ ಸಂಸಾರದ ಐದು ರಾತ್ರಿಯ ಶುಲ್ಕವನ್ನು ಅವರ ಕಾರ್ಡಿನಿಂದ ಮುರಿದುಕೊಳ್ಳುವಂತೆಯೂ ಹೇಳಿಯಾಗಿತ್ತು. ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟಾಗ ಅವಳ ಶರ್ಟಿನಲ್ಲಿ ಪಿನ್ನಿನ ಎರಡು ತೂತು ಉಳಿದವು. ದಪ್ಪ ಕಾಗದ ಇನ್ನೂ ಮೇಜಿನ ಮೇಲೇ ಇತ್ತು.

“ಅದು ನಂದು. ಕೊಡಿ,” ಎಂದಳು. ಅವನು ಕೊಟ್ಟ.

ಹತ್ತೂವರೆಗೆ ನಿಲ್ಸಾ ತನ್ನ ಕಾರನ್ನು ತಾನೇ ಕಾದ ಗೇಟಿನ ಹತ್ತಿರ ತಂದಾಗ, ಬೇರೆ ಯಾರೂ ಸಿಗದೆ ಟೆರೆಲನ್ನೇ ಗೂಡಿನಲ್ಲಿ ನಿಲ್ಲಿಸಿದ್ದರು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಒಹಾಯೊದ ವ್ಯಾನು ಬಂದು ನಿಂತಿತು. ಚಾವಣಿಯ ಮೇಲೆ ಸಾಮಾನು, ಹಿಂದಿನ ಗಾಜಿಗೆ ಒತ್ತಿದ ಬೊಂಬೆ ಡಾಲ್ಫಿನ್.

“ನಿಲ್ಸಾ!” ರೊಂಡಾ ಕಿಟಕಿಯಿಂದ ಅರ್ಧ ಹೊರಗೆ ಬಾಗಿದಳು. “ಮುಟ್ಟಿತಾ? ಒಂದೂ ಬಿಡದೆ ಬರೆದಿದೀನಿ!”

“ಮುಟ್ಟಿತು. ಎಲ್ಲರ ಮುಂದೆ ಓದಿದ್ರು.”

“ಚಪ್ಪಾಳೆ ಹೊಡೆದ್ರಾ?” ಎಂದಳು ಚಿಕ್ಕವಳು.

“ಹೊಡೆದ್ರು ಪುಟ್ಟಿ.”

ಕಾರ್ಡಿನ ಸಂಗತಿ ಬಾಯಿಯವರೆಗೆ ಬಂತು. ಇನ್ನು ಇಡೀ ಹಗಲು ರಾತ್ರಿ ಗಾಡಿ ಓಡಿಸಬೇಕಾದವರು, ಮನೆ ಮುಟ್ಟುವವರೆಗಾದರೂ ತಿಳಿಯದಿರಲಿ ಎಂದು ನುಂಗಿಕೊಂಡಳು. ಟೆರೆಲ್ ಅವರಿಗೆ ಕಂಬಿ ಎತ್ತಿದ, ಆಮೇಲೆ ಅವಳಿಗೆ ಎತ್ತಿದ. ಅವನ ಮುಖವನ್ನು ಅವಳು ನೋಡಲಿಲ್ಲ.

ಮನೆಯ ಬಾಗಿಲ ಹೊರಗೇ ಯಂತ್ರದ ಗುಂಯ್ ಸದ್ದು ಕೇಳುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬಂದವಳನ್ನು ಕಂಡು ಬೆರ್ತೊ ಗಾಬರಿಯಾದ. ಅವಳ ಕೈಯಲ್ಲಿದ್ದ ದಪ್ಪ ಕಾಗದ ಕಂಡದ್ದೇ ಗಾಬರಿ ಇಳಿಯಿತು.

“ಬಂತಾ! ನಾನು ಹೇಳಿರ್ಲಿಲ್ವಾ ಮುದುಕಿ? ರಜೆ ಕೊಟ್ಟು ಕಳಿಸಿದ್ರಾ ಏನು? ತಾ ಇಲ್ಲಿ, ನಾನು ಓದ್ತೀನಿ.”

“ಬೆರ್ತೊ, ಮೊದ್ಲು ನಾನು ಹೇಳೋದು ಕೇಳು…”

“ಹೇಳೋದು ಆಮೇಲೆ ಹೇಳು. ಕನ್ನಡಕ ಕೊಡು.”

ಅವಳು ಕನ್ನಡಕ ಕೊಟ್ಟಳು. ಅವನ ಇಂಗ್ಲಿಷ್ ಅಷ್ಟಕ್ಕಷ್ಟೆ. ಬೆರಳಿಟ್ಟು, ನಾಲ್ಕು ಪದಕ್ಕೊಮ್ಮೆ ನಿಂತು ಉಸಿರೆಳೆದುಕೊಂಡು, ಗಟ್ಟಿಯಾಗಿ ಓದತೊಡಗಿದ. ತಾಯಿ ಎಂಬಲ್ಲಿ ಅವಳನ್ನು ನೋಡಿ ನಕ್ಕ. ಉತುವಾದೊ ಎಂಬ ಹೆಸರು ಬಂದಾಗ ಓದು ನಿಲ್ಲಿಸಿ, “ನೋಡೇ, ನಮ್ಮೂರು!” ಎಂದು ಕಾಗದವನ್ನು ಅವಳತ್ತ ತಿರುಗಿಸಿದ. ಹಸಿರು ಚೀಟಿಯ ಮಾತು ಅದರ ಮುಂದಿನ ವಾಕ್ಯದಲ್ಲೇ ಇತ್ತು. ನಿಲ್ಸಾ ಅವನೆದುರು ನಿಂತೇ ಇದ್ದಳು. ಅವನು ಮತ್ತೆ ಬೆರಳಿಟ್ಟ.